ಬ್ಯಾಬಿಲೋನಿನ ಸೆರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೈಬಲ್ ಓದುವವರು, ಇತಿಹಾಸದ ಪರೀಕ್ಷೆಗೆ ಓದುವವರು, ಸುಮ್ನೆ ಕುತೂಹಲಕ್ಕೆ ಕೇಳುವವರು. ಈ ಮೂರೂ ಕಡೆಯಿಂದ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಅದಕ್ಕೇ ಒಂದು ಕಡೆ ಬರೆದಿಡುತ್ತಿದ್ದೇನೆ. ಹೆಸರುಗಳನ್ನು ಆದಷ್ಟು ಕನ್ನಡ ಬೈಬಲಿನಲ್ಲಿ ಇರುವ ಹಾಗೇ ಬಳಸಿದ್ದೇನೆ, ಬಾಬೆಲ್ ಮಾತ್ರ ಪಠ್ಯಪುಸ್ತಕದ ಹಾಗೆ ಬ್ಯಾಬಿಲೋನ್. ಸುಲಭದ ಪ್ರಶ್ನೆಗಳು ಮೊದಲು, ತಲೆ ಕೆರೆದುಕೊಳ್ಳಬೇಕಾದವು ಆಮೇಲೆ.

## ಶುರುವಿನ ಪ್ರಶ್ನೆಗಳು

ಯಾರು, ಯಾರನ್ನು, ಯಾವಾಗ, ಎಲ್ಲಿಗೆ? ಒಂದೇ ಉಸಿರಲ್ಲಿ ಹೇಳಿ.

ಬ್ಯಾಬಿಲೋನಿನ ರಾಜ ಎರಡನೇ ನೆಬೂಕದ್ನೆಚ್ಚರ ಯೆಹೂದ ಅನ್ನುವ ಸಣ್ಣ ರಾಜ್ಯವನ್ನು ಗೆದ್ದ. ಕ್ರಿ.ಪೂ. 597ರಲ್ಲಿ ಒಮ್ಮೆ, 586ರ ಹೊತ್ತಿಗೆ ಇನ್ನೊಮ್ಮೆ ಅದರ ರಾಜಧಾನಿ ಯೆರೂಸಲೇಮನ್ನು ಹಿಡಿದ. ಎರಡನೇ ಸಲ ಊರನ್ನೂ ದೇವಾಲಯವನ್ನೂ ಸುಟ್ಟ. ರಾಜಮನೆತನ, ಅಧಿಕಾರಿಗಳು, ಪುರೋಹಿತರು, ಸೈನಿಕರು, ಕಮ್ಮಾರರು, ಇವರನ್ನೆಲ್ಲ ಸಾಗಿಸಿಕೊಂಡು ಹೋಗಿ ಈಗಿನ ಇರಾಕಿನಲ್ಲಿ ನೆಲೆ ನಿಲ್ಲಿಸಿದ. 539ರಲ್ಲಿ ಪರ್ಷಿಯಾದ ಕೋರೆಷ (ಇತಿಹಾಸದ ಪುಸ್ತಕದಲ್ಲಿ ಸೈರಸ್) ಬ್ಯಾಬಿಲೋನನ್ನೇ ಗೆದ್ದ ಮೇಲೆ ಹೋಗುವವರು ವಾಪಸ್ ಹೋಗಬಹುದು ಅಂತಾಯಿತು.

ಇಸ್ರೇಲಿನ ಹನ್ನೆರಡು ಕುಲದವರೂ ಬ್ಯಾಬಿಲೋನಿಗೆ ಹೋದ್ರಾ?

ಇಲ್ಲ. ಇಲ್ಲೇ ಜಾಸ್ತಿ ಜನ ಎಡವುವುದು. ರಾಜ ಸೊಲೊಮೋನನ ನಂತರ ಎರಡು ರಾಜ್ಯಗಳಿದ್ದವು. ಉತ್ತರದ್ದು ಇಸ್ರೇಲ್, ರಾಜಧಾನಿ ಸಮಾರ್ಯ. ದಕ್ಷಿಣದ್ದು ಯೆಹೂದ, ರಾಜಧಾನಿ ಯೆರೂಸಲೇಮ್. ಉತ್ತರದ ಇಸ್ರೇಲನ್ನು ಕ್ರಿ.ಪೂ. 722ರಲ್ಲೇ ಅಶ್ಶೂರರು (ಇತಿಹಾಸದ ಪುಸ್ತಕದಲ್ಲಿ ಅಸ್ಸೀರಿಯನ್ನರು) ಮುಗಿಸಿದ್ದರು. ಬ್ಯಾಬಿಲೋನಿನವರಿಗೂ ಅದಕ್ಕೂ ಸಂಬಂಧವಿಲ್ಲ. ಅಶ್ಶೂರರು ಸಮಾರ್ಯದ ಜನರನ್ನು ಒಯ್ದು, ಬೇರೆ ಕಡೆಯ ಜನರನ್ನು ತಂದು ಅಲ್ಲಿ ಕೂರಿಸಿದರು. ಒಯ್ದವರನ್ನೂ ಬೇರೆ ಬೇರೆ ಊರುಗಳಿಗೆ ಚದುರಿಸಿದರು. ಕ್ರಮೇಣ ಅವರ ಗುರುತು ಕರಗಿಹೋಯಿತು. ಬ್ಯಾಬಿಲೋನಿನವರು ಯೆಹೂದಕ್ಕೆ ಹೊರಗಿನವರನ್ನು ತಂದು ತುಂಬಲಿಲ್ಲ, ಒಯ್ದವರನ್ನೂ ಒಟ್ಟಿಗೇ ಊರು ಕಟ್ಟಿಕೊಂಡಿರಲು ಬಿಟ್ಟರು. ಒಂದು ಜನ ಉಳಿದು ಇನ್ನೊಂದು ಕಾಣೆಯಾದದ್ದಕ್ಕೆ ಭಕ್ತಿಯ ಕಾರಣ ಏನೇ ಇರಲಿ, ಈ ಆಡಳಿತದ ವ್ಯತ್ಯಾಸವೂ ದೊಡ್ಡ ಕಾರಣ.

ಯೆಹೂದ, ಬ್ಯಾಬಿಲೋನ್ ಇಬ್ಬರೂ ಮೊದಲಿಂದ ಶತ್ರುಗಳೇನಾ?

ಅಲ್ಲವೇ ಅಲ್ಲ. ಒಂದು ಕಾಲಕ್ಕೆ ಇಬ್ಬರಿಗೂ ಒಬ್ಬನೇ ವೈರಿ, ಅಶ್ಶೂರ. ಕ್ರಿ.ಪೂ. ಎಂಟನೇ ಶತಮಾನದ ಕೊನೆಯಲ್ಲಿ ಬ್ಯಾಬಿಲೋನಿನ ಮೆರೋದಕ ಬಲದಾನ ಯೆಹೂದದ ರಾಜ ಹಿಜ್ಕೀಯನಿಗೆ ಕಾಣಿಕೆ ಕೊಟ್ಟು ದೂತರನ್ನು ಕಳಿಸಿದ್ದ. ಕಾಯಿಲೆ ವಿಚಾರಿಸಲು ಅಂತ ಬೈಬಲ್ ಹೇಳುತ್ತದೆ, ಆದರೆ ಅಶ್ಶೂರದ ವಿರುದ್ಧ ಜೊತೆಗಾರರನ್ನು ಹುಡುಕುತ್ತಿದ್ದ ಅನ್ನುವುದು ಸ್ಪಷ್ಟ. ಹಿಜ್ಕೀಯ ಖುಷಿಯಲ್ಲಿ ಬೊಕ್ಕಸವನ್ನೆಲ್ಲ ತೆರೆದು ತೋರಿಸಿದ. ಪ್ರವಾದಿ ಯೆಶಾಯನಿಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. ಇದೆಲ್ಲ ಒಂದು ದಿನ ಬ್ಯಾಬಿಲೋನಿಗೇ ಹೋಗುತ್ತದೆ ಅಂದ.

ಇನ್ನೊಂದು ವಿಚಿತ್ರ ಇದೆ. ಕ್ರಿ.ಪೂ. 609ರಲ್ಲಿ ಈಜಿಪ್ಟಿನ ಫರೋಹ ನೆಕೋ, ಸೋಲುತ್ತಿದ್ದ ಅಶ್ಶೂರರ ಸಹಾಯಕ್ಕೆ ಸೈನ್ಯ ತೆಗೆದುಕೊಂಡು ಹೊರಟಿದ್ದ. ಮೆಗಿದ್ದೋದಲ್ಲಿ ಅವನಿಗೆ ಅಡ್ಡ ಬಂದು ಸತ್ತವನು ಯೆಹೂದದ ರಾಜ ಯೋಷೀಯ. ಅಂದರೆ ಲಾಭ ಆಗಿದ್ದು ಬ್ಯಾಬಿಲೋನಿಗೆ. ಅಲ್ಲಿಂದ ಇಪ್ಪತ್ತೈದು ವರ್ಷದ ಒಳಗೆ ಅದೇ ಬ್ಯಾಬಿಲೋನ್ ಅವನ ಊರನ್ನು ಸುಟ್ಟಿತು, ಕೊನೆಯ ರಾಜನಾಗಿದ್ದವನು ಅವನ ಮಗನೇ.

ಯೆರೂಸಲೇಮಿನಿಂದ ಬ್ಯಾಬಿಲೋನಿಗೆ ನಡೆದೇ ಹೋದ್ರಾ?

ಹೌದು, ಬಹುತೇಕ ಜನ ನಡೆದೇ. ಬ್ಯಾಬಿಲೋನಿನ ಅವಶೇಷ ಈಗ ಬಾಗ್ದಾದಿನ ದಕ್ಷಿಣಕ್ಕೆ, ಹಿಲ್ಲಾ ಪಟ್ಟಣದ ಹತ್ತಿರ ಇದೆ. ಮ್ಯಾಪಿನಲ್ಲಿ ನೇರ ಗೆರೆ ಎಳೆದರೆ ನಡುವೆ ಮರಳುಗಾಡು. ಆ ದಾರಿ ಆಗುವುದಿಲ್ಲ. ಉತ್ತರಕ್ಕೆ ಸಿರಿಯಾದವರೆಗೆ ಹೋಗಿ, ಯೂಫ್ರೆಟಿಸ್ ನದಿ ಹಿಡಿದು ಕೆಳಗೆ ಇಳಿಯಬೇಕು. ಮುಂದೆ ಎಜ್ರ ಅನ್ನುವ ಯೆಹೂದಿ ಪುರೋಹಿತ ಇದೇ ಪ್ರಯಾಣವನ್ನು ಎದುರು ದಿಕ್ಕಿನಲ್ಲಿ ಮಾಡಿದಾಗ ನಾಲ್ಕು ತಿಂಗಳು ಹಿಡಿಯಿತು. ಅವನು ಸ್ವಂತ ಇಷ್ಟದಿಂದ, ತಯಾರಿ ಮಾಡಿಕೊಂಡು ಹೊರಟವನು. ಸೆರೆಯವರ ಪ್ರಯಾಣ ಹೇಗಿತ್ತೋ ನೀವೇ ಊಹಿಸಿ.

## ಮುತ್ತಿಗೆ, ಪತನ, ಸಾಕ್ಷಿ

ಅಂಥಾ ಸಾಮ್ರಾಜ್ಯದ ಎದುರು ಇಷ್ಟು ಪುಟ್ಟ ರಾಜ್ಯ ತಿರುಗಿಬಿದ್ದದ್ದು ಯಾಕೆ? ಹುಚ್ಚಾ?

ಈಜಿಪ್ಟ್ ಬೆನ್ನಿಗಿದೆ ಅನ್ನುವ ನಂಬಿಕೆ. ಕ್ರಿ.ಪೂ. 605ರಲ್ಲಿ ಕರ್ಕೆಮೀಷಿನಲ್ಲಿ ನೆಬೂಕದ್ನೆಚ್ಚರ ಈಜಿಪ್ಟಿನ ಸೈನ್ಯವನ್ನು ಹೊಡೆದೋಡಿಸಿದ. ಆಗ ಯೆಹೂದದ ರಾಜ ಯೆಹೋಯಾಕೀಮ ಬ್ಯಾಬಿಲೋನಿನ ಸಾಮಂತನಾದ. ಆದರೆ 601ರಲ್ಲಿ ನೆಬೂಕದ್ನೆಚ್ಚರ ಈಜಿಪ್ಟಿನ ಮೇಲೆ ಹೋದಾಗ ಎರಡೂ ಕಡೆ ಭಾರಿ ನಷ್ಟವಾಯಿತು, ಅವನು ಬರಿಗೈಲಿ ಹಿಂದಿರುಗಿದ. ಇದನ್ನು ನೋಡಿದ ಯೆಹೋಯಾಕೀಮ ಕೈಕೊಟ್ಟ. ಬ್ಯಾಬಿಲೋನಿನ ಸೈನ್ಯ ಬಂದು ಊರು ಹಿಡಿಯುವ ಹೊತ್ತಿಗೆ ಅವನು ಸತ್ತಿದ್ದ. ಶಿಕ್ಷೆ ಸಿಕ್ಕಿದ್ದು ಹದಿನೆಂಟು ವರ್ಷದ ಮಗ ಯೆಹೋಯಾಖೀನನಿಗೆ, ಅದೂ ಪಟ್ಟಕ್ಕೆ ಬಂದ ಮೂರೇ ತಿಂಗಳಿಗೆ. (ಅಪ್ಪ-ಮಗನ ಹೆಸರು ಇಷ್ಟು ಹತ್ತಿರ ಇರುವುದರಿಂದ ಗೊಂದಲ ಆಗುತ್ತದೆ. ಕೀಮ ಅಪ್ಪ, ಖೀನ ಮಗ.)

ಅವನ ಜಾಗಕ್ಕೆ ಚಿಕ್ಕಪ್ಪ ಚಿದ್ಕೀಯನನ್ನು ನೆಬೂಕದ್ನೆಚ್ಚರನೇ ಕೂರಿಸಿದ. ಕೆಲವು ವರ್ಷಗಳ ನಂತರ ಅವನೂ ಅದೇ ಈಜಿಪ್ಟನ್ನು ನಂಬಿ ತಿರುಗಿಬಿದ್ದ. ಪೂರ್ತಿ ಹುಚ್ಚುತನ ಅನ್ನುವ ಹಾಗೂ ಇಲ್ಲ. ಮುತ್ತಿಗೆಯ ನಡುವೆ ಈಜಿಪ್ಟಿನ ಸೈನ್ಯ ನಿಜವಾಗಲೂ ಹೊರಟು ಬಂತು, ಬ್ಯಾಬಿಲೋನಿನವರು ಕೆಲವು ಕಾಲ ಮುತ್ತಿಗೆ ಸಡಿಲಿಸಿದರು. ಆದರೆ ಆ ಸೈನ್ಯ ವಾಪಸ್ ಹೋಯಿತು, ಇವರು ಮತ್ತೆ ಬಂದು ಕೂತರು.

ಯೆರೂಸಲೇಮ್ ಬಿದ್ದದ್ದು ಒಬ್ರು 587 ಅಂತಾರೆ, ಒಬ್ರು 586 ಅಂತಾರೆ. ಯಾವುದು ಸರಿ?

ಎರಡೂ ಪುಸ್ತಕಗಳಲ್ಲಿ ಸಿಗುತ್ತದೆ, ಪರೀಕ್ಷೆಗೆ ನಿಮ್ಮ ಪಠ್ಯದಲ್ಲಿ ಇರುವುದನ್ನೇ ಬರೆಯಿರಿ. ಜಗಳ ಇರುವುದು ವರ್ಷವನ್ನು ವಸಂತದಿಂದ ಎಣಿಸುತ್ತಿದ್ದರೋ ಶರತ್ಕಾಲದಿಂದಲೋ ಅನ್ನುವುದರಲ್ಲಿ. ಬೈಬಲಿನಲ್ಲೇ ಒಂದು ಕಡೆ ನೆಬೂಕದ್ನೆಚ್ಚರನ 18ನೇ ವರ್ಷ ಅಂತಿದೆ, ಇನ್ನೊಂದು ಕಡೆ 19ನೇ ವರ್ಷ. 597ರ ಬಗ್ಗೆ ಮಾತ್ರ ತಕರಾರಿಲ್ಲ. ಯಾಕೆ ಅಂತ ಮುಂದಿನ ಉತ್ತರದಲ್ಲಿದೆ.

ಬೈಬಲ್ ಬಿಟ್ಟು ಹೊರಗೆ ಏನಾದ್ರೂ ಪುರಾವೆ ಇದೆಯಾ?

ತುಂಬ ಇದೆ. ನನಗೆ ಈ ವಿಷಯದ ರುಚಿ ಹತ್ತಿದ್ದೇ ಇದರಿಂದ.

ಮೊದಲನೆಯದು ಬ್ಯಾಬಿಲೋನಿನ ವೃತ್ತಾಂತ. ಜೇಡಿಮಣ್ಣಿನ ಫಲಕ, ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ, 1956ರಲ್ಲಿ ಪ್ರಕಟವಾಯಿತು. ನೆಬೂಕದ್ನೆಚ್ಚರನ ಏಳನೇ ವರ್ಷ ಯೆಹೂದದ ಪಟ್ಟಣಕ್ಕೆ ಮುತ್ತಿಗೆ ಹಾಕಿದ, ಆದಾರ್ ತಿಂಗಳ ಎರಡನೇ ದಿನ ಊರು ಹಿಡಿದ, ರಾಜನನ್ನು ಸೆರೆ ಹಿಡಿದ, ತನಗೆ ಬೇಕಾದವನನ್ನು ರಾಜನನ್ನಾಗಿ ಮಾಡಿದ, ಭಾರಿ ಕಪ್ಪ ತೆಗೆದುಕೊಂಡು ಹೋದ. ಇಷ್ಟೇ, ಕೆಲವೇ ಸಾಲು. ನಮ್ಮ ಲೆಕ್ಕದಲ್ಲಿ ಅದು ಕ್ರಿ.ಪೂ. 597ರ ಮಾರ್ಚ್ 16. ಬೈಬಲಿನವರಿಗೆ ಲೋಕವೇ ಮುಳುಗಿದ ಘಟನೆ ಬ್ಯಾಬಿಲೋನಿನ ಗುಮಾಸ್ತನಿಗೆ ಆ ವರ್ಷದ ಒಂದು ಕೆಲಸ. ಬೇಸರದ ಸಂಗತಿ ಅಂದರೆ ಈ ವೃತ್ತಾಂತ ಅಲ್ಲಿಂದ ಕೆಲವೇ ವರ್ಷಕ್ಕೆ ಮುರಿದುಹೋಗಿದೆ. ದೇವಾಲಯ ಸುಟ್ಟ ವರ್ಷದ ಭಾಗ ಸಿಕ್ಕಿಲ್ಲ.

ಎರಡನೆಯದು ರೇಷನ್ ಪಟ್ಟಿ. ಜರ್ಮನಿಯ ಕೋಲ್ಡೆವೈ ಬ್ಯಾಬಿಲೋನಿನ ಅರಮನೆಯಲ್ಲಿ ಅಗೆದಾಗ ಸಿಕ್ಕ ಫಲಕಗಳಲ್ಲಿ, ಯಾರಿಗೆ ಎಷ್ಟು ಎಣ್ಣೆ ಕೊಟ್ಟೆವು ಅನ್ನುವ ಲೆಕ್ಕವಿದೆ. ಅದರಲ್ಲಿ ಯೆಹೂದದ ರಾಜ ಯೆಹೋಯಾಖೀನ ಮತ್ತು ಅವನ ಐದು ಗಂಡುಮಕ್ಕಳ ಹೆಸರಲ್ಲೂ ಎಣ್ಣೆ ಬಂದಿದೆ! ಒಂದು ಫಲಕದ ಕಾಲ ಕ್ರಿ.ಪೂ. 592. ಸೆರೆಯಲ್ಲಿದ್ದರೂ ಅವನನ್ನು ರಾಜ ಅಂತಲೇ ಬರೆದಿದ್ದಾರೆ. ಇಂಥ ಉಗ್ರಾಣದ ಲೆಕ್ಕವನ್ನು ಯಾರೂ ಭಕ್ತಿಗಾಗಿ ಬರೆಯುವುದಿಲ್ಲ, ಪ್ರಚಾರಕ್ಕಾಗಿಯೂ ಬರೆಯುವುದಿಲ್ಲ. ಅದಕ್ಕೇ ನನಗೆ ಅರಮನೆಯ ದೊಡ್ಡ ಶಾಸನಗಳಿಗಿಂತ ಇದರ ಮೇಲೆ ನಂಬಿಕೆ ಜಾಸ್ತಿ.

ಮೂರನೆಯದು ಯೆಹೂದದ ಕಡೆಯದು. 1935ರಲ್ಲಿ ಲಾಕೀಷ್ ಕೋಟೆಯ ಬಾಗಿಲಿನ ಕೋಣೆಯಲ್ಲಿ ಶಾಯಿಯಲ್ಲಿ ಬರೆದ ಮಡಕೆ ಚೂರುಗಳು ಸಿಕ್ಕವು. ಕೆಳಗಿನ ಅಧಿಕಾರಿ ಮೇಲಿನವನಿಗೆ ಬರೆದ ಪತ್ರಗಳು. ಒಂದರಲ್ಲಿ, ಲಾಕೀಷಿನ ಬೆಂಕಿಯ ಸಂಕೇತಕ್ಕಾಗಿ ಕಾಯುತ್ತಿದ್ದೇವೆ, ಅಜೇಕದ ಸಂಕೇತ ಕಾಣುತ್ತಿಲ್ಲ ಅಂತಿದೆ. ಆ ಕಾಲದ ಪ್ರವಾದಿ ಯೆರೆಮೀಯನ ಪುಸ್ತಕದಲ್ಲಿ ಕೊನೆಯವರೆಗೆ ಉಳಿದಿದ್ದ ಕೋಟೆಗಳು ಅಂತ ಹೆಸರಿರುವುದೂ ಈ ಎರಡಕ್ಕೇ.

ಯೆರೂಸಲೇಮಿನಲ್ಲಿ ಅಗೆದಾಗ ಬೂದಿಯ ಪದರ, ಸುಟ್ಟ ಮನೆಗಳು, ಬಾಣದ ಮೊನೆಗಳು ಸಿಕ್ಕಿವೆ. ಬೆಂಕಿಗೆ ಕಾಗದಪತ್ರ ಸುಟ್ಟುಹೋದರೂ ಅವುಗಳ ಮಣ್ಣಿನ ಮುದ್ರೆ ಇನ್ನೂ ಗಟ್ಟಿಯಾಗಿ ಉಳಿದಿವೆ.

ಚಿದ್ಕೀಯನ ಕಣ್ಣು ಕಿತ್ತಿದ್ರು ಅಂತಾರೆ. ಅಷ್ಟೊಂದು ಕ್ರೌರ್ಯ ಯಾಕೆ?

ಗೋಡೆ ಒಡೆದ ರಾತ್ರಿ ಅವನು ಓಡಿಹೋದ. ಯೆರಿಕೋ ಬಯಲಿನಲ್ಲಿ ಸಿಕ್ಕಿಬಿದ್ದ. ಸಿರಿಯಾದ ರಿಬ್ಲದಲ್ಲಿದ್ದ ನೆಬೂಕದ್ನೆಚ್ಚರನ ಮುಂದೆ ತಂದರು. ಅವನ ಕಣ್ಣೆದುರಿಗೇ ಮಕ್ಕಳನ್ನು ಕೊಂದು, ಆಮೇಲೆ ಕಣ್ಣು ಕಿತ್ತು, ಸಂಕೋಲೆ ಹಾಕಿ ಬ್ಯಾಬಿಲೋನಿಗೆ ಒಯ್ದರು. ಇದನ್ನು ಹೇಳುವುದು ಬೈಬಲ್ ಮಾತ್ರ. ಆದರೆ ಅವತ್ತಿನ ರೀತಿಗೆ ಹೊಂದುವಂಥದ್ದೇ. ಚಿದ್ಕೀಯ ಸೋತ ಶತ್ರು ಅಲ್ಲ, ದೇವರ ಮೇಲೆ ಆಣೆ ಇಟ್ಟು ಪಟ್ಟ ಪಡೆದು ಆಣೆ ಮುರಿದ ಸಾಮಂತ. ಅಂಥವನಿಗೆ ಆ ಕಾಲದ ಯಾವ ಸಾಮ್ರಾಜ್ಯವೂ ಕರುಣೆ ತೋರಿಸುತ್ತಿರಲಿಲ್ಲ. ಜಗಳವಾಡದೆ ಶರಣಾದ ಯೆಹೋಯಾಖೀನನಿಗೆ ಎಣ್ಣೆ, ಇವನಿಗೆ ಈ ಗತಿ.

## ಸೆರೆಯ ಬದುಕು

ಒಟ್ಟು ಎಷ್ಟು ಜನ ಹೋದ್ರು? ಲಕ್ಷಗಟ್ಟಲೆನಾ?

ಅಷ್ಟೆಲ್ಲ ಇಲ್ಲ. ಬೈಬಲಿನ ಅರಸುಗಳು ಪುಸ್ತಕದಲ್ಲಿ 597ರ ಲೆಕ್ಕ ಒಂದು ಕಡೆ 10,000, ಎರಡೇ ವಾಕ್ಯದ ನಂತರ 8,000. ಯೆರೆಮೀಯನ ಪುಸ್ತಕದ ಕೊನೆಯಲ್ಲಿ ಮೂರು ಕಂತಿನ ಲೆಕ್ಕ ಇದೆ: 3,023, ಆಮೇಲೆ 832, ಆಮೇಲೆ 745. ಒಟ್ಟು 4,600. ಗಂಡಸರನ್ನು ಮಾತ್ರ ಎಣಿಸಿರಬಹುದು ಅನ್ನುವವರಿದ್ದಾರೆ. ಹಾಗೆ ನೋಡಿದರೂ ಲಕ್ಷ ಆಗುವುದಿಲ್ಲ. ಆದರೆ ಹೋದವರು ಓದು ಬರಹ ಬಲ್ಲವರು, ಕೈಕಸುಬು ಬಲ್ಲವರು. ಮುಂದೆ ಕಥೆ ಬರೆದವರೂ ಅವರ ಪೈಕಿಯವರೇ, ಹಾಗಾಗಿ ಇಡೀ ದೇಶವೇ ಹೋದಂತೆ ನಮಗೆ ಕೇಳಿಸುತ್ತದೆ.

ಅಲ್ಲಿ ಜೈಲಿಗೆ ಹಾಕಿದ್ರಾ? ಗುಲಾಮರಾಗಿದ್ರಾ?

ರಾಜಮನೆತನದವರನ್ನು ಅರಮನೆಯ ಕಾವಲಿನಲ್ಲಿ ಇಟ್ಟಿದ್ದರು. ಉಳಿದವರಿಗೆ ಜೈಲೂ ಇಲ್ಲ, ಪೂರ್ತಿ ಸ್ವಾತಂತ್ರ್ಯವೂ ಇಲ್ಲ. ಯುದ್ಧದಿಂದ ಹಾಳಾಗಿದ್ದ ನಿಪ್ಪೂರ್ ಪಟ್ಟಣದ ಸುತ್ತಮುತ್ತಲಿನ ಜಮೀನನ್ನು ಮತ್ತೆ ಸಾಗುವಳಿಗೆ ತರಬೇಕಿತ್ತು. ಅದಕ್ಕೆ ಗೆದ್ದ ಊರುಗಳ ಜನರನ್ನು ತಂದು, ಜಮೀನು ಕೊಟ್ಟು, ಬದಲಿಗೆ ತೆರಿಗೆ ಮತ್ತು ಸರ್ಕಾರಿ ದುಡಿಮೆ ಕೇಳಿದರು. ಪ್ರವಾದಿ ಯೆಹೆಜ್ಕೇಲ ಇದ್ದದ್ದು ಅಲ್ಲೇ, ಕೆಬಾರ್ ಕಾಲುವೆಯ ದಡದಲ್ಲಿ. ಅವನಿಗೆ ಸ್ವಂತ ಮನೆ ಇತ್ತು, ಹೆಂಡತಿ ಇದ್ದಳು, ಹಿರಿಯರು ಅವನ ಮನೆಗೆ ಬಂದು ಕೂರುತ್ತಿದ್ದರು.

ಆ ಭಾಗದ ಸುಮಾರು 200 ಮಣ್ಣಿನ ಫಲಕಗಳು ಬೆಳಕಿಗೆ ಬಂದಿವೆ. ಮೊದಲನೆಯದು ಕ್ರಿ.ಪೂ. 572ರದ್ದು, ಕೊನೆಯದು 477ರದ್ದು. ಅವುಗಳಲ್ಲಿ ಬರುವ ಒಂದು ಊರಿನ ಹೆಸರು ಆಲ್-ಯಾಹೂದು, ಅಂದರೆ ಯೆಹೂದದ ಊರು. ಬಾರ್ಲಿ ಸಾಲ, ಖರ್ಜೂರದ ಲೆಕ್ಕ, ಗೇಣಿ, ತೆರಿಗೆ ರಸೀದಿ, ಎಲ್ಲ ನಮ್ಮ ಹಳ್ಳಿಯ ಪತ್ರವ್ಯವಹಾರದ ಥರವೇ. ಅಹೀಕಾಮ ಅನ್ನುವ ಒಬ್ಬ ಹಲವು ಫಲಕಗಳಲ್ಲಿ ಬರುತ್ತಾನೆ. ಅವನು ಸತ್ತ ಮೇಲೆ ಐದು ಗಂಡುಮಕ್ಕಳು ಆಸ್ತಿ ಪಾಲು ಮಾಡಿಕೊಂಡ ಪತ್ರವೂ ಇದೆ. ಸೆರೆಗೆ ಹೋದವರ ಮೊಮ್ಮಕ್ಕಳ ಕಾಲಕ್ಕೆ ಪಾಲು ಮಾಡುವಷ್ಟು ಆಸ್ತಿ ಇತ್ತು ಅಂತಾಯಿತು, ಅಲ್ವಾ?

ಒಂದು ಎಚ್ಚರಿಕೆ: ಈ ಫಲಕಗಳು ವಿಧಿವತ್ತಾದ ಉತ್ಖನನದಲ್ಲಿ ಸಿಕ್ಕಿದ್ದಲ್ಲ, ಹಳೇ ವಸ್ತುಗಳ ಮಾರುಕಟ್ಟೆಯಿಂದ ಬಂದವು. ಯಾವ ಮನೆಯಲ್ಲಿ, ಯಾವ ಪದರದಲ್ಲಿ ಇದ್ದವು ಅನ್ನುವ ಮಾಹಿತಿ ಶಾಶ್ವತವಾಗಿ ಹೋಯಿತು.

ಹಾಗಿದ್ರೆ "ಬಾಬೆಲಿನ ನದಿಗಳ ಬಳಿ ಅತ್ತೆವು" ಅನ್ನೋ ಕೀರ್ತನೆ ಸುಳ್ಳಾ?

ಯಾಕೆ ಸುಳ್ಳಾಗಬೇಕು? ಹೊಟ್ಟೆ ತುಂಬಿದರೆ ಊರ ನೆನಪು ಹೋಗುತ್ತದಾ? 137ನೇ ಕೀರ್ತನೆಯಲ್ಲಿ ಹಸಿವಿನ ಮಾತಿಲ್ಲ, ಅವಮಾನದ ಮಾತಿದೆ. ಸೆರೆ ಹಿಡಿದವರು ನಿಮ್ಮ ಊರಿನ ಹಾಡು ಹಾಡಿ ಅಂತ ಕೇಳುತ್ತಾರೆ, ಇವರು ಕಿನ್ನರಿಗಳನ್ನು ಮರಕ್ಕೆ ನೇತುಹಾಕಿ ಕೂತಿದ್ದಾರೆ. ಆ ಕೀರ್ತನೆಯ ಕೊನೆಯ ಸಾಲುಗಳನ್ನು ಚರ್ಚಿನಲ್ಲಿ ಹಾಡುವುದು ಕಡಿಮೆ. ಬ್ಯಾಬಿಲೋನಿನ ಕೂಸುಗಳನ್ನು ಬಂಡೆಗೆ ಅಪ್ಪಳಿಸುವವನು ಧನ್ಯ ಅನ್ನುತ್ತದೆ. ಓದಲು ಕಷ್ಟ. ಆದರೆ ತಮ್ಮ ಊರಿನಲ್ಲಿ ಕಣ್ಣಾರೆ ನೋಡಿದ್ದನ್ನೇ ಅವರು ವಾಪಸ್ ಬಯಸುತ್ತಿದ್ದಾರೆ. ಜಮೀನಿನ ರಸೀದಿಯೂ ಈ ಸಿಟ್ಟೂ ಒಂದೇ ಮನೆಯಲ್ಲಿ ಇರಬಹುದು.

ಒಯ್ಯದೆ ಬಿಟ್ಟವರು ಏನಾದ್ರು?

ಬಡ ರೈತರನ್ನು ದ್ರಾಕ್ಷಿತೋಟ, ಹೊಲ ನೋಡಿಕೊಳ್ಳಲು ಬಿಟ್ಟರು. ಗೆದಲ್ಯ ಅನ್ನುವ ಸ್ಥಳೀಯನನ್ನೇ ಅಧಿಪತಿ ಮಾಡಿದರು, ಅವನು ಯೆರೂಸಲೇಮಿನ ಉತ್ತರದ ಮಿಚ್ಪದಲ್ಲಿ ಕೂತ. ಆ ಕಡೆಯ ಊರುಗಳಲ್ಲಿ ಜನವಸತಿ ಮುಂದುವರಿದದ್ದಕ್ಕೆ ಉತ್ಖನನದಲ್ಲೂ ಗುರುತಿದೆ, ದೇಶ ಪೂರ್ತಿ ಖಾಲಿ ಆಗಲಿಲ್ಲ. ಆದರೆ ರಾಜವಂಶದ ಇಷ್ಮಾಯೇಲ ಗೆದಲ್ಯನನ್ನು ಕೊಂದ. ಬ್ಯಾಬಿಲೋನಿನ ಸೇಡಿಗೆ ಹೆದರಿ ಒಂದು ಗುಂಪು ಈಜಿಪ್ಟಿಗೆ ಓಡಿತು. ಗೆದಲ್ಯ ಸತ್ತ ದಿನಕ್ಕೆ ಯೆಹೂದ್ಯರು ಇವತ್ತಿಗೂ ಉಪವಾಸ ಮಾಡುತ್ತಾರೆ.

ಯೆರೆಮೀಯ ಶತ್ರುಗಳ ಪರ ಮಾತಾಡಿದ. ದೇಶದ್ರೋಹಿ ಅಲ್ವಾ?

ಅವನ ಊರಿನವರೂ ಹಾಗೇ ಅಂದರು. ಶರಣಾಗಿ, ಬದುಕುತ್ತೀರಿ ಅಂತ ಮುತ್ತಿಗೆಯ ನಡುವೆ ಸಾರಿದ್ದಕ್ಕೆ ಕೆಸರು ತುಂಬಿದ ಬಾವಿಗೆ ಇಳಿಸಿದರು. ಕೂಷ್ ದೇಶದ (ಈಗಿನ ಸುಡಾನಿನ ಕಡೆ) ಎಬೆದ್ಮೆಲೆಕ ಹಗ್ಗ ಬಿಟ್ಟು ಮೇಲೆತ್ತಿದ. ಸೆರೆಗೆ ಹೋದವರಿಗೂ ಯೆರೆಮೀಯ ಪತ್ರ ಬರೆದಿದ್ದ: ಮನೆ ಕಟ್ಟಿ, ತೋಟ ಹಾಕಿ, ಮಕ್ಕಳ ಮದುವೆ ಮಾಡಿ, ನೀವಿರುವ ಪಟ್ಟಣದ ಕ್ಷೇಮಕ್ಕೆ ಪ್ರಾರ್ಥಿಸಿ. ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಅಂತ ಹನನ್ಯ ಎಂಬ ಇನ್ನೊಬ್ಬ ಪ್ರವಾದಿ ಹೇಳುತ್ತಿದ್ದ ಕಾಲ ಅದು.

ದ್ರೋಹಿ ಅನ್ನುವವರು ಒಂದು ಸಂಗತಿ ನೋಡಬೇಕು. ಊರು ಬೀಳುವುದು ಖಚಿತ ಅಂತ ಗೊತ್ತಿದ್ದೂ ಅವನು ತನ್ನ ಹುಟ್ಟೂರು ಅನಾತೋತಿನಲ್ಲಿ 17 ಶೆಕೆಲ್ ಬೆಳ್ಳಿ ತೂಗಿ ಕೊಟ್ಟು ಹೊಲ ಕೊಂಡ. ಸಾಕ್ಷಿ ಹಾಕಿಸಿ, ಪತ್ರವನ್ನು ಮಡಕೆಯಲ್ಲಿ ಭದ್ರ ಮಾಡಿಸಿದ. ಗೆದ್ದವರು ಬ್ಯಾಬಿಲೋನಿಗೆ ಬಾ, ಚೆನ್ನಾಗಿ ನೋಡಿಕೊಳ್ಳುತ್ತೇವೆ ಅಂದಾಗಲೂ ಹೋಗಲಿಲ್ಲ. ಕೊನೆಗೆ ಅವನನ್ನು ಈಜಿಪ್ಟಿಗೆ ಎಳೆದುಕೊಂಡು ಹೋದವರು ಅವನ ಜನರೇ.

## ವಾಪಸಾತಿ ಮತ್ತು ವಾದಗಳು

70 ವರ್ಷ ಸೆರೆ ಅಂತಾರೆ. ನಾನು ಲೆಕ್ಕ ಹಾಕಿದ್ರೆ 48 ಬರುತ್ತೆ?

ನಿಮ್ಮ ಲೆಕ್ಕ ಸರಿಯಾಗೇ ಇದೆ. 586ರಿಂದ 538ಕ್ಕೆ 48. ಮೊದಲ ತಂಡ ಹೋದ 597ರಿಂದ ಎಣಿಸಿದರೆ 59. ಯೆರೆಮೀಯ ಹೇಳಿದ್ದು ಬ್ಯಾಬಿಲೋನಿನ ಆಳ್ವಿಕೆಗೆ 70 ವರ್ಷ ಅಂತ. ಅದನ್ನು 605ರ ಕರ್ಕೆಮೀಷಿನಿಂದ 539ರವರೆಗೆ ಎಣಿಸಿದರೆ 66, ಹತ್ತಿರ ಬರುತ್ತದೆ. ದೇವಾಲಯ ಸುಟ್ಟಲ್ಲಿಂದ ಹೊಸ ದೇವಾಲಯ ಮುಗಿದ 516ರ ತನಕ ಹಿಡಿದರೆ ಬರೋಬ್ಬರಿ 70. ನನ್ನ ಮಟ್ಟಿಗೆ ಅದು ಒಂದು ಆಯುಷ್ಯ ಅನ್ನುವ ಅರ್ಥದ ದುಂಡು ಸಂಖ್ಯೆ. ಹೊರಟವರು ಮರಳುವುದಿಲ್ಲ, ಮಕ್ಕಳು ಮರಳಬಹುದು.

ಕೋರೆಷ ಯೆಹೂದ್ಯರ ದೇವರನ್ನು ನಂಬಿ ಅವರನ್ನು ಬಿಟ್ಟನಾ?

1879ರಲ್ಲಿ ಬ್ಯಾಬಿಲೋನಿನಲ್ಲಿ ಸಿಕ್ಕ ಅವನದೇ ಮಣ್ಣಿನ ಸಿಲಿಂಡರ್ ಓದಿ. ಅದರಲ್ಲಿ ಅವನಿಗೆ ಜಯ ಕೊಟ್ಟವನು ಬ್ಯಾಬಿಲೋನಿನ ದೇವರು ಮರ್ದುಕ. ಯೆಹೂದದ ಹೆಸರೇ ಇಲ್ಲ. ಬೇರೆ ಊರುಗಳ ದೇವರುಗಳನ್ನು ಅವರವರ ಗುಡಿಗೆ ಕಳಿಸಿದೆ, ಜನರನ್ನೂ ಅವರವರ ಊರಿಗೆ ಸೇರಿಸಿದೆ ಅಂತಿದೆ. ಯೆಶಾಯನ ಪುಸ್ತಕದಲ್ಲಿ ಅದೇ ಕೋರೆಷ ಯೆಹೋವನ ಅಭಿಷಿಕ್ತ, ಅಂದರೆ ಯೆಹೂದ್ಯರ ದೇವರು ಆರಿಸಿಕೊಂಡವನು. ಎರಡೂ ಕಡೆಯವರು ಅವನನ್ನು ತಮ್ಮ ದೇವರು ಕಳಿಸಿದವನು ಅಂತ ಬರೆದುಕೊಂಡರು, ಅವನಿಗೆ ಎರಡೂ ಒಪ್ಪಿಗೆ. ಜಾಣ ರಾಜಕಾರಣಿ. ಈ ಸಿಲಿಂಡರನ್ನು ಜಗತ್ತಿನ ಮೊದಲ ಮಾನವ ಹಕ್ಕುಗಳ ಘೋಷಣೆ ಅಂತ ಹಂಚಿಕೊಳ್ಳುವವರಿದ್ದಾರೆ. ಅದು ಅತಿಯಾಯಿತು, ಗೆದ್ದ ರಾಜರೆಲ್ಲ ಹೆಚ್ಚುಕಡಿಮೆ ಹೀಗೇ ಬರೆಸುತ್ತಿದ್ದರು.

ಬ್ಯಾಬಿಲೋನಿನ ಆಸ್ಥಾನದಲ್ಲಿದ್ದ ಸೆರೆಯಾಳು ದಾನಿಯೇಲನ ಬೈಬಲ್ ಕಥೆಯನ್ನು ಇತಿಹಾಸ ಅಂತ ಓದಬಹುದಾ?

ಕಾಲದ ನೆನಪು ಇದೆ, ಆದರೆ ಕಲಸಿಹೋಗಿದೆ. ಅಲ್ಲಿ ಬೇಲ್ಶಚ್ಚರ ನೆಬೂಕದ್ನೆಚ್ಚರನ ಮಗ, ಬ್ಯಾಬಿಲೋನಿನ ರಾಜ. ಫಲಕಗಳ ಪ್ರಕಾರ ಅವನು ಕೊನೆಯ ರಾಜ ನಬೊನೈಡಸನ ಮಗ. ಅಪ್ಪ ಸುಮಾರು ಹತ್ತು ವರ್ಷ ಅರೇಬಿಯಾದ ತೇಮಾದಲ್ಲಿ ಕೂತಿದ್ದಾಗ ಆಡಳಿತ ನೋಡಿಕೊಂಡವನು. ಪಟ್ಟ ಅವನಿಗೆ ಬರಲೇ ಇಲ್ಲ. ನೆಬೂಕದ್ನೆಚ್ಚರ ಏಳು ಕಾಲ ಹುಲ್ಲು ತಿಂದ ಕಥೆಯೂ ಮೂಲದಲ್ಲಿ ನಬೊನೈಡಸನದ್ದೇ ಇರಬೇಕು, ಯಾಕೆಂದರೆ ಮೃತ ಸಮುದ್ರದ ಸುರುಳಿಗಳಲ್ಲಿ (ಆ ಸಮುದ್ರದ ಬಳಿಯ ಗುಹೆಗಳಲ್ಲಿ ಸಿಕ್ಕ ಹಳೆಯ ಯೆಹೂದಿ ಬರಹಗಳು) ಅವನ ಹೆಸರಲ್ಲೇ ಏಳು ವರ್ಷದ ಕಾಯಿಲೆಯ ಕಥೆ ಸಿಕ್ಕಿದೆ. ಪುಸ್ತಕ ಈಗಿನ ರೂಪಕ್ಕೆ ಬಂದದ್ದು ಕ್ರಿ.ಪೂ. 165ರ ಸುಮಾರಿಗೆ, ಗ್ರೀಕ್ ರಾಜ ಅಂತಿಯೋಕಸನ ಹಿಂಸೆಯ ಕಾಲದಲ್ಲಿ ಅಂತ ಬಹುತೇಕ ವಿದ್ವಾಂಸರ ಅಭಿಪ್ರಾಯ. ನಂಬಿಕೆಯಿಂದ ಓದುವವರು ಇದನ್ನು ಒಪ್ಪದಿರಬಹುದು, ಅದು ಅವರ ಆಯ್ಕೆ.

ಯೆಹೂದಿ ಧರ್ಮ ಹುಟ್ಟಿದ್ದೇ ಬ್ಯಾಬಿಲೋನಿನಲ್ಲಿ ಅಂತಾರೆ. ಹೌದಾ?

ಹುಟ್ಟಿತು ಅನ್ನುವುದು ಜಾಸ್ತಿಯಾಯಿತು, ಗಟ್ಟಿಯಾದದ್ದು ಅಲ್ಲಿ. ದೇವಾಲಯ ಇಲ್ಲ, ಬಲಿ ಕೊಡುವ ಹಾಗಿಲ್ಲ, ರಾಜನೂ ಇಲ್ಲ. ಹೊತ್ತೊಯ್ಯಬಹುದಾದದ್ದು ಮಾತ್ರ ಉಳಿಯಿತು: ಸಬ್ಬತ್ ದಿನ (ವಾರಕ್ಕೊಂದು ವಿಶ್ರಾಂತಿಯ ದಿನ), ಸುನ್ನತಿ, ಬರಹ. ಹಳೆಯ ಕಥೆ, ಕಟ್ಟಳೆಗಳನ್ನು ಕೂಡಿಸಿ ತಿದ್ದುವ ಕೆಲಸ ಈ ಕಾಲದಲ್ಲಿ ಜೋರಾಯಿತು. ಊರು ಸೋತರೆ ಊರ ದೇವರೂ ಸೋತ ಅನ್ನುವುದು ಅವತ್ತಿನ ಸಾಮಾನ್ಯ ನಂಬಿಕೆ. ಇವರು ಅದನ್ನು ತಿರುಗಿಸಿದರು. ನಮ್ಮ ದೇವರೇ ನಮ್ಮನ್ನು ಶಿಕ್ಷಿಸಲು ನೆಬೂಕದ್ನೆಚ್ಚರನನ್ನು ಬಳಸಿಕೊಂಡ, ಬೇರೆ ದೇವರೇ ಇಲ್ಲ ಅಂದರು. ಯೆಶಾಯನ ಪುಸ್ತಕದ 40ನೇ ಅಧ್ಯಾಯದಿಂದ ಈ ಮಾತು ಖಡಾಖಂಡಿತವಾಗಿ ಕೇಳುತ್ತದೆ. ಆ ಭಾಗ ಸೆರೆಯ ಕಾಲದ ಇನ್ನೊಬ್ಬ ಕವಿಯದ್ದು ಅನ್ನುವುದು ವಿದ್ವಾಂಸರಲ್ಲಿ ಸಾಮಾನ್ಯ ಅಭಿಪ್ರಾಯ.

ಬ್ಯಾಬಿಲೋನಿನಿಂದ ಎತ್ತಿಕೊಂಡದ್ದೂ ಇದೆ. ಈಗಿನ ಯೆಹೂದಿ ಪಂಚಾಂಗದ ನಿಸಾನ್, ತಮ್ಮೂಜ್, ತಿಷ್ರಿ ಎಲ್ಲ ಅಲ್ಲಿಯ ತಿಂಗಳುಗಳು. ತಮ್ಮೂಜ್ ಅಂತೂ ಅಲ್ಲಿಯ ಒಬ್ಬ ದೇವರು! ಸೆರೆಯಲ್ಲೇ ಹುಟ್ಟಿದ ಅಲ್ಲಿಯ ಹೆಸರಿನ ಜೆರುಬ್ಬಾಬೆಲನೇ ಮುಂದೆ ಯೆರೂಸಲೇಮಿನ ದೇವಾಲಯ ಕಟ್ಟಿಸಲು ಮುಂದಾಳಾದ.

ಕೊನೆಗೆ ಎಲ್ಲರೂ ವಾಪಸ್ ಬಂದ್ರಾ? ಉಳಿದವರ ವಂಶದವರು ಈಗಲೂ ಇದ್ದಾರಾ?

ಎಜ್ರನ ಪುಸ್ತಕದಲ್ಲಿ ಮರಳಿದವರ ಲೆಕ್ಕ 42,360. ಒಂದೇ ಸಲಕ್ಕೆ ಬಂದವರಲ್ಲ, ಹಲವು ದಶಕಗಳಲ್ಲಿ ಬಂದವರನ್ನು ಕೂಡಿಸಿದ ಪಟ್ಟಿ ಅನ್ನಿಸುತ್ತದೆ. ಬಹಳ ಜನ ಹೊರಡಲೇ ಇಲ್ಲ. ಜಮೀನು, ವ್ಯಾಪಾರ, ಅಲ್ಲೇ ಹುಟ್ಟಿದ ಮಕ್ಕಳು. ಯೆರೂಸಲೇಮಿನಲ್ಲಿ ಇದ್ದದ್ದು ಕಲ್ಲಿನ ರಾಶಿ ಮತ್ತು ತಕರಾರಿನ ಜಮೀನು. ಉಳಿದವರನ್ನು ನಾನಂತೂ ದೂರುವುದಿಲ್ಲ. ಅವರಿಲ್ಲದಿದ್ದರೆ ಸುಮಾರು ಸಾವಿರ ವರ್ಷದ ನಂತರ ಅಲ್ಲಿ ಬ್ಯಾಬಿಲೋನಿನ ತಾಲ್ಮುದ್ (ಯೆಹೂದಿ ಕಟ್ಟಳೆಗಳ ಚರ್ಚೆಯ ದೊಡ್ಡ ಗ್ರಂಥ) ತಯಾರಾಗುತ್ತಿರಲಿಲ್ಲ. ಯೆಹೂದ್ಯರ ಕಾನೂನು ಚರ್ಚೆಗೆ ಇವತ್ತಿಗೂ ಯೆರೂಸಲೇಮಿನ ತಾಲ್ಮುದಿಗಿಂತ ಅದಕ್ಕೇ ಹೆಚ್ಚು ಅಧಿಕಾರ.

ಆ ಸಮುದಾಯ ಇರಾಕಿನಲ್ಲಿ 2,500 ವರ್ಷ ಉಳಿಯಿತು. 1950-51ರಲ್ಲಿ ಒಂದು ಲಕ್ಷಕ್ಕೂ ಮೀರಿದ ಜನರನ್ನು ವಿಮಾನದಲ್ಲಿ ಇಸ್ರೇಲಿಗೆ ಸಾಗಿಸಿದರು. ಆ ಕಾರ್ಯಾಚರಣೆಗೆ ಇಟ್ಟ ಹೆಸರು ಎಜ್ರ ಮತ್ತು ನೆಹೆಮೀಯ, ಹಿಂದೆ ಸೆರೆಯ ನಾಡಿನಿಂದ ಯೆರೂಸಲೇಮಿಗೆ ಮರಳಿದ ಇಬ್ಬರು ನಾಯಕರದ್ದು. ಅದಕ್ಕೂ ಮೊದಲೇ ಕೆಲವರು ಪೂರ್ವಕ್ಕೆ ಬಂದಿದ್ದರು. 1830ರ ದಶಕದಲ್ಲಿ ಬಾಗ್ದಾದಿನಿಂದ ಮುಂಬೈಗೆ ಬಂದು ವ್ಯಾಪಾರ ಕಟ್ಟಿದ ಡೇವಿಡ್ ಸಸೂನ್ ಅವರ ಪೈಕಿ ಒಬ್ಬ. ಮುಂಬೈಯ ಕೋಟೆ ಪ್ರದೇಶದಲ್ಲಿ ನೀಲಿ ಬಣ್ಣದ ಒಂದು ಸಿನಗಾಗ್ (ಯೆಹೂದ್ಯರ ಪ್ರಾರ್ಥನಾ ಮಂದಿರ) ನೋಡಿರುತ್ತೀರಿ, ಕೆನೆಸೆತ್ ಎಲಿಯಾಹೂ. 1884ರಲ್ಲಿ ಅದನ್ನು ಕಟ್ಟಿಸಿದವರು ಅದೇ ಸಸೂನ್ ಮನೆತನದವರು.